ಕರೆಂಟ್ ಮಾರುವವರೇ ‘ಉಳಿಸಿ’ ಅನ್ನುವುದೇಕೆ?

(ಸ್ವಸಹಾಯ ಸಂಘಗಳ ತಿಂಗಳ ಸಭೆಯಲ್ಲಿ ಓದಿ ಚರ್ಚಿಸಲು ಪಾಠ)



ತರಕಾರಿ ಗಾಡಿಯವರು ಯಾವತ್ತಾದರೂ “ಅಮ್ಮಾ, ಒಂದು ಕಿಲೋ ಟೊಮೆಟೊ ಯಾಕೆ, ಅರ್ಧ ಕಿಲೋ ಸಾಕು” ಅಂತ ಹೇಳಿದ್ದನ್ನು ಕೇಳಿದ್ದೀರಾ? ಕೇಳಿರಲಿಕ್ಕಿಲ್ಲ. ಮಾರುವವರು ಜಾಸ್ತಿ ಮಾರಬೇಕು ಅಂತಲೇ ನೋಡುತ್ತಾರೆ. ಆದರೆ ನಮ್ಮ ಮನೆಗೆ ಕರೆಂಟ್ ಮಾರುವ ಬೆಸ್ಕಾಂ ಮಾತ್ರ ಕಡಿಮೆ ಬಳಸಿ, ಉಳಿಸಿ ಅನ್ನುತ್ತದೆ. ಅಷ್ಟೇ ಅಲ್ಲ, ಕಡಿಮೆ ಕರೆಂಟ್ ಎಳೆಯುವ ಬಲ್ಬನ್ನೂ ತಾನೇ ಮಾರಿದೆ, ಬಿಸಿಲಲ್ಲಿ ನೀರು ಕಾಯಿಸಿದವರಿಗೆ ಬಿಲ್‌ನಲ್ಲಿ ರಿಯಾಯಿತಿಯನ್ನೂ ಕೊಟ್ಟಿದೆ. ಇದು ಯಾಕೆ? ಇದರಿಂದ ನಮಗೆ, ಅಂದರೆ ಎಲೆಕ್ಟ್ರಾನಿಕ್ ಸಿಟಿಯ ಸುತ್ತಮುತ್ತ ಬಾಡಿಗೆ ಮನೆಗಳಲ್ಲಿ ಇರುವವರಿಗೆ, ಏನು ಸಿಕ್ಕಿದೆ, ಏನು ಸಿಕ್ಕಿಲ್ಲ? ಈ ತಿಂಗಳು ಅದನ್ನು ನೋಡೋಣ. ಸಭೆಗೆ ಬರುವಾಗ ಮನೆಯ ಕರೆಂಟ್ ಬಿಲ್ ತಂದಿದ್ದರೆ ಕೈಯಲ್ಲಿ ಹಿಡಿದುಕೊಂಡು ಓದಿ.

ಸಂಜೆ ಏಳು ಗಂಟೆಯ ಕಥೆ

ಅಕ್ಕಿಯನ್ನು ಮೂಟೆಯಲ್ಲಿ ತುಂಬಿ ಇಡಬಹುದು. ಕರೆಂಟನ್ನು ಹಾಗೆ ತುಂಬಿ ಇಡುವುದು ಕಷ್ಟ. ಬ್ಯಾಟರಿಗಳು ಬಂದಿವೆ, ಆದರೆ ಊರಿಗೆಲ್ಲ ಆಗುವಷ್ಟು ಇನ್ನೂ ಇಲ್ಲ. ಹಾಗಾಗಿ ನೀವು ಸ್ವಿಚ್ ಒತ್ತಿದ ಆ ಕ್ಷಣಕ್ಕೆ ಬೇಕಾದ ಕರೆಂಟ್ ಎಲ್ಲೋ ಒಂದು ಕಡೆ ಅದೇ ಕ್ಷಣದಲ್ಲಿ ತಯಾರಾಗಬೇಕು. ಶರಾವತಿಯ ನೀರಿಂದ ಆಗಲಿ, ರಾಯಚೂರಿನ ಕಲ್ಲಿದ್ದಲಿಂದ ಆಗಲಿ.

ಮಧ್ಯಾಹ್ನ ಈಗ ತೊಂದರೆ ಕಡಿಮೆ. ಬೆಸ್ಕಾಂ ವ್ಯಾಪ್ತಿಯಲ್ಲೇ ಇರುವ ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ. ಬಿಸಿಲು ಇರುವವರೆಗೆ ಅದು ಕರೆಂಟ್ ಕೊಡುತ್ತದೆ. ಸೂರ್ಯ ಮುಳುಗಿದ ಮೇಲೆ ಅದು ನಿಲ್ಲುತ್ತದೆ, ಆದರೆ ನಾವು ಅದೇ ಹೊತ್ತಿಗೆ ಮನೆಗೆ ಬರುತ್ತೇವೆ. ಬೊಮ್ಮಸಂದ್ರದಿಂದ, ಹೆಬ್ಬಗೋಡಿಯಿಂದ, ವೀರಸಂದ್ರದಿಂದ ಶಿಫ್ಟ್ ಮುಗಿಸಿ ಬಂದವರೆಲ್ಲ ಒಟ್ಟಿಗೆ ಲೈಟು, ಫ್ಯಾನು, ಟಿ.ವಿ., ಮಿಕ್ಸಿ ಹಾಕುತ್ತಾರೆ. ಅದೇ ಹೊತ್ತಿಗೆ ಬೆಸ್ಕಾಂ ಪೇಟೆಯಲ್ಲಿ ಕರೆಂಟ್ ಕೊಳ್ಳಬೇಕಾಗಿ ಬಂದರೆ ಯೂನಿಟ್‌ಗೆ 10 ರೂಪಾಯಿವರೆಗೂ ಹೋಗಬಹುದು. ವಿದ್ಯುತ್ ಪೇಟೆಗೆ ಕೇಂದ್ರದ ಆಯೋಗ ಹಾಕಿರುವ ಮೇಲಿನ ಮಿತಿಯೇ ಅದು. ನಮ್ಮಿಂದ ಅದು ವಸೂಲಿ ಮಾಡುವುದು ಸುಮಾರು 6 ರೂಪಾಯಿ. ಅಂದರೆ ಆ ಹೊತ್ತಿನಲ್ಲಿ ಒಂದೊಂದು ಯೂನಿಟ್ ಮಾರಿದಾಗಲೂ ನಷ್ಟ! ಜೊತೆಗೆ ಬೀದಿಯ ಟಿ.ಸಿ. ಮೇಲೆ ಲೋಡ್ ಜಾಸ್ತಿಯಾಗಿ ಸುಟ್ಟರೆ ಅದರ ಖರ್ಚು ಬೇರೆ. ಟಿ.ಸಿ. ಸುಟ್ಟ ರಾತ್ರಿ ಮಕ್ಕಳನ್ನು ಇಟ್ಟುಕೊಂಡು ಶೀಟಿನ ಮನೆಯಲ್ಲಿ ಹೇಗೆ ಕಳೆದಿರಿ ಅಂತ ನಿಮಗೆ ಹೇಳಬೇಕಾಗಿಲ್ಲ.

ದೊಡ್ಡ ಕಾರ್ಖಾನೆಗಳಿಗೆ ಇದಕ್ಕಾಗಿಯೇ ಗಂಟೆಗೊಂದು ದರ ಇಟ್ಟಿದ್ದಾರೆ. ಸಂಜೆ ಹೊತ್ತು ಬಳಸಿದರೆ ಹೆಚ್ಚು, ರಾತ್ರಿ ಹತ್ತರ ಮೇಲೆ ಬಳಸಿದರೆ ಕಡಿಮೆ. ಮನೆಗಳಿಗೆ ಹಾಗಿಲ್ಲ, ದಿನವಿಡೀ ಒಂದೇ ದರ.

2023ನ್ನು ನೆನಪಿಸಿಕೊಳ್ಳಿ. ಆ ವರ್ಷ ಮಳೆ ಕೈಕೊಟ್ಟಿತು. ಅಣೆಕಟ್ಟೆಗಳಲ್ಲಿ ನೀರಿಲ್ಲ, ರೈತರ ಪಂಪ್‌ಸೆಟ್‌ಗಳಿಗೆ ಬೇಡಿಕೆ ಜಾಸ್ತಿ. ಅಕ್ಟೋಬರ್‌ನಲ್ಲಿ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿ, ರಾಜ್ಯದೊಳಗಿನ ಖಾಸಗಿ ಉತ್ಪಾದಕರು ಕರೆಂಟನ್ನು ಹೊರಗೆ ಮಾರದೆ ಇಲ್ಲಿಗೇ ಕೊಡಬೇಕು ಅಂತ ಆದೇಶ ಮಾಡಬೇಕಾಯಿತು. ಇಂಥ ದಿನಗಳಲ್ಲಿ ‘ಉಳಿಸಿ’ ಅನ್ನುವುದು ಉಪದೇಶವಲ್ಲ, ಲೆಕ್ಕಾಚಾರ.

ಆದರೂ ಒಂದು ಅನುಮಾನ ಉಳಿಯುತ್ತದೆ. ಮಾರಾಟ ಕಡಿಮೆಯಾದರೆ ಕಂಪನಿಯ ಆದಾಯವೂ ಕಡಿಮೆಯಾಗುವುದಿಲ್ಲವೇ? ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಇದೇ ಪ್ರಶ್ನೆ ಎದ್ದಿತ್ತು. ಅವರು 1982ರಲ್ಲಿ ಕರೆಂಟ್ ಕಂಪನಿಗಳ ಆದಾಯವನ್ನು ಮಾರಿದ ಯೂನಿಟ್‌ಗಳಿಂದ ಬಿಡಿಸಿದರು. ಕಂಪನಿಗೆ ಇಷ್ಟು ಆದಾಯ ಬೇಕು ಅಂತ ಆಯೋಗ ಮೊದಲೇ ಗೊತ್ತುಮಾಡುತ್ತದೆ; ಮಾರಾಟ ಹೆಚ್ಚೂ ಕಡಿಮೆಯಾದರೆ ಮುಂದಿನ ದರದಲ್ಲಿ ಸರಿಮಾಡುತ್ತದೆ. ನಮ್ಮಲ್ಲಿ ದರ ಗೊತ್ತುಮಾಡುವ ಕೆಲಸವನ್ನು 1999ರಿಂದ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಮಾಡುತ್ತಿದೆ. ಬೆಸ್ಕಾಂ ಹುಟ್ಟಿದ್ದು ಅದರ ನಂತರ, 2002ರ ಜೂನ್‌ನಲ್ಲಿ.

ಕಂತಿನಲ್ಲಿ ಬಂದ ಬಲ್ಬು

ಬೆಸ್ಕಾಂ ಹುಟ್ಟಿ ಎರಡು ಮೂರು ವರ್ಷದೊಳಗೆ ಒಂದು ಕೆಲಸ ಮಾಡಿತು. ಇಡೀ ದೇಶದಲ್ಲಿ ಕರೆಂಟ್ ಕಂಪನಿಗಳು ಮಾಡಿದ ಇಂಥ ಕಾರ್ಯಕ್ರಮಗಳಲ್ಲಿ ಅದು ಮೊದಲ ಸಾಲಿನದು. ಆಗ ಮನೆಗಳಲ್ಲಿ ಇದ್ದದ್ದು 60 ವ್ಯಾಟ್‌ನ ಹಳದಿ ಬಲ್ಬು. ಬೆಲೆ ಹತ್ತು ರೂಪಾಯಿ ಆಸುಪಾಸು. ಸಿ.ಎಫ್.ಎಲ್. ಬಂದಿತ್ತು, ಅಷ್ಟೇ ಬೆಳಕು 14 ವ್ಯಾಟ್‌ನಲ್ಲಿ ಕೊಡುತ್ತಿತ್ತು, ಆದರೆ ಬೆಲೆ ನೂರು ರೂಪಾಯಿಗೂ ಮೇಲೆ. ಲಾಭ ಇದೆ ಅಂತ ಗೊತ್ತಿದ್ದರೂ ಒಂದೇ ಸಲ ನೂರಾರು ರೂಪಾಯಿ ಕೊಟ್ಟು ಬಲ್ಬು ಯಾರು ತರುತ್ತಾರೆ? 2004–05ರಲ್ಲಿ ಬೆಸ್ಕಾಂ, ಬಲ್ಬು ಈಗ ತೆಗೆದುಕೊಳ್ಳಿ, ಹಣವನ್ನು ತಿಂಗಳ ಬಿಲ್‌ನಲ್ಲಿ ಕಂತಾಗಿ ಕಟ್ಟಿ ಅಂತ ಹೇಳಿತು.

ನಮ್ಮ ಸಂಘದ ಸಾಲದ ಬುದ್ಧಿಯೇ ಇದು, ನೋಡಿ. ಬಡವರಿಗೆ ತಿಳುವಳಿಕೆ ಕಡಿಮೆ ಅಂತ ದೊಡ್ಡವರು ಭಾಷಣ ಮಾಡುತ್ತಾರೆ. ತಿಳುವಳಿಕೆ ಇದ್ದೇ ಇರುತ್ತದೆ, ಕೈಯಲ್ಲಿ ಮುಂಗಡ ಹಣ ಇರುವುದಿಲ್ಲ. ಆ ಕಾರ್ಯಕ್ರಮ ಮಾಡಿದವರಿಗೆ ಇದು ಅರ್ಥವಾಗಿತ್ತು ಅಂತ ನನಗೆ ಕಾಣುತ್ತದೆ.

ಆಮೇಲೆ ಎಲ್.ಇ.ಡಿ. ಬಂತು. 2015ರ ಜನವರಿಯಲ್ಲಿ ಕೇಂದ್ರ ಸರ್ಕಾರ ಶುರುಮಾಡಿ ‘ಉಜಾಲಾ’ ಅಂತ ಹೆಸರಾದ ಯೋಜನೆಯನ್ನು ನಮ್ಮ ರಾಜ್ಯದಲ್ಲಿ ‘ಹೊಸ ಬೆಳಕು’ ಅಂತ ಕರೆದರು. 9 ವ್ಯಾಟ್‌ನ ಬಲ್ಬು ನೂರು ರೂಪಾಯಿಗೆ ಸಿಕ್ಕಿತು. ಕೋಟಿಗಟ್ಟಲೆ ಬಲ್ಬನ್ನು ಒಟ್ಟಿಗೆ ಕೊಂಡಾಗ ಏನಾಗುತ್ತದೆ ಅಂತ ಇಲ್ಲಿ ಕಲಿಯಬೇಕು. 2014ರಲ್ಲಿ ಒಂದು ಬಲ್ಬಿಗೆ 310 ರೂಪಾಯಿ ಇದ್ದ ಸಗಟು ಖರೀದಿ ಬೆಲೆ 2016ಕ್ಕೆ 38 ರೂಪಾಯಿಗೆ ಇಳಿಯಿತು. ದೇಶದಲ್ಲಿ ಹಂಚಿದ್ದು 36 ಕೋಟಿಗೂ ಹೆಚ್ಚು ಬಲ್ಬು. ಇವತ್ತು ಕಿರಾಣಿ ಅಂಗಡಿಯಲ್ಲೂ ಕೈಗೆಟುಕುವ ಬೆಲೆಗೆ ಎಲ್.ಇ.ಡಿ. ಸಿಗುತ್ತದೆ ಅಂದರೆ ಆ ಸಗಟು ಖರೀದಿಯ ಪಾಲೂ ಅದರಲ್ಲಿದೆ.

ಮನೆಯ ಲೆಕ್ಕಕ್ಕೆ ಬನ್ನಿ. ಮೂರು ಬಲ್ಬು, ದಿನಕ್ಕೆ ಐದು ಗಂಟೆ. ಹಳದಿ ಬಲ್ಬಾದರೆ ತಿಂಗಳಿಗೆ 27 ಯೂನಿಟ್. ಸಿ.ಎಫ್.ಎಲ್. ಆದರೆ ಆರು ಚಿಲ್ಲರೆ. ಎಲ್.ಇ.ಡಿ. ಆದರೆ ನಾಲ್ಕು. ಈಗಲೂ ಬಚ್ಚಲಲ್ಲೋ ಹಿತ್ತಲಲ್ಲೋ ಹಳದಿ ಬಲ್ಬು ಇದ್ದವರು ಕೈ ಎತ್ತಿ, ನಾಚಿಕೆ ಬೇಡ!

ಸೋಲಾರ್ ವಾಟರ್ ಹೀಟರ್ ವಿಷಯವನ್ನು ಬೇಗ ಮುಗಿಸುತ್ತೇನೆ, ಯಾಕೆಂದರೆ ಅದು ಮನೆ ಮಾಲೀಕರ ವಿಷಯ. ಬೆಸ್ಕಾಂ ವರ್ಷಗಟ್ಟಲೆ ಅದಕ್ಕೆ ಯೂನಿಟ್‌ಗೆ 50 ಪೈಸೆ, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ ರಿಯಾಯಿತಿ ಕೊಟ್ಟಿತು. 2007ರಿಂದ ಹೊಸ ಮನೆಗಳಿಗೆ ಅದು ಕಡ್ಡಾಯವೂ ಆಯಿತು. ಬೆಂಗಳೂರಿನ ಮಾಳಿಗೆಗಳ ಮೇಲೆ ಇಷ್ಟೊಂದು ಟ್ಯಾಂಕು ಕಾಣುವುದಕ್ಕೆ ಇದೂ ಒಂದು ಕಾರಣ. 100 ಲೀಟರಿನ ಒಂದು ಹೀಟರ್ ವರ್ಷಕ್ಕೆ 1,500 ಯೂನಿಟ್‌ವರೆಗೆ ಉಳಿಸುತ್ತದೆ ಎಂಬುದು ಸರ್ಕಾರದ ಅಂದಾಜು. ಆದರೆ ಕೆಳಗಿನ ಬಾಡಿಗೆ ಮನೆಗೆ ಆ ಬಿಸಿನೀರಿನ ಪೈಪು ಇಳಿದದ್ದನ್ನು ನಾನು ಕಂಡದ್ದು ಕಡಿಮೆ. ಅಲ್ಲಿ ಬಕೆಟ್‌ನಲ್ಲಿ ಕಾಯಿಲ್ ಇಟ್ಟೇ ನೀರು ಕಾಯಿಸುತ್ತಾರೆ.

ಬಿಲ್ ಸೊನ್ನೆ ಆದ ಮೇಲೆ

ಈಗ ಮುಖ್ಯ ಮಾತು. ಒಂದು ಸಂಘದಲ್ಲಿ ಈ ವಿಷಯ ತೆಗೆದಾಗ ಒಬ್ಬ ಅಕ್ಕ ನಕ್ಕುಬಿಟ್ಟರು. “ಉಳಿಸಿ ಏನ್ ಮಾಡೋದಕ್ಕ, ನಮ್ಗೆ ಬಿಲ್ಲೇ ಬರಲ್ವಲ್ಲ!” ಪಕ್ಕದಲ್ಲಿ ಕೂತಿದ್ದ ರಾಯಚೂರು ಕಡೆಯ ಇನ್ನೊಬ್ಬರು ಮೆಲ್ಲಗೆ ಹೇಳಿದರು: “ನಿಮ್ಗ ಬರಂಗಿಲ್ರಿ. ನಮ್ಗ ತಿಂಗ್ಳಾ ಓನರ್‌ಗೆ ಕೊಡೋದು ಐತಿ.” ಇಬ್ಬರೂ ಒಂದೇ ಬೀದಿಯವರು.

ಇಬ್ಬರ ಮಾತೂ ನಿಜ. ಹೇಗೆ ಅಂತ ತಿಳಿಯಬೇಕಾದರೆ ಗೃಹಜ್ಯೋತಿಯ ಲೆಕ್ಕ ಗೊತ್ತಿರಬೇಕು. 2023ರ ಜುಲೈನಿಂದ ಬಂದ ಈ ಯೋಜನೆಯನ್ನು ಜನ ‘200 ಯೂನಿಟ್ ಫ್ರೀ’ ಅಂತ ಕರೆಯುತ್ತಾರೆ. ಹಾಗಲ್ಲ. ನಿಮ್ಮ ಮನೆ 2022–23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದರ ಮೇಲೆ ನೂರಕ್ಕೆ ಹತ್ತರಷ್ಟು ಸೇರಿಸಿ, ಅಷ್ಟು ಮಾತ್ರ ಉಚಿತ. ಸರಾಸರಿ 82 ಇದ್ದರೆ 90 ಯೂನಿಟ್ ನಿಮ್ಮ ಪಾಲು. ತೀರಾ ಕಡಿಮೆ, ಅಂದರೆ 48ಕ್ಕಿಂತ ಕೆಳಗೆ ಇದ್ದವರಿಗೆ ನೂರಕ್ಕೆ ಹತ್ತರ ಬದಲು ಹತ್ತು ಯೂನಿಟ್ ಸೇರಿಸಬೇಕು ಅಂತ 2024ರ ಜನವರಿಯಲ್ಲಿ ತೀರ್ಮಾನವಾಯಿತು. ಹಳೇ ಲೆಕ್ಕವೇ ಇಲ್ಲದ ಹೊಸ ಮನೆಗಳಿಗೆ, ಹೊಸದಾಗಿ ಬಂದ ಬಾಡಿಗೆದಾರರಿಗೆ ರಾಜ್ಯದ ಸರಾಸರಿ 53 ಯೂನಿಟ್ ಹಿಡಿದು 58 ಯೂನಿಟ್ ಕೊಡುತ್ತಾರೆ.

ಪಾಲಿನೊಳಗೆ ಬಳಸಿದರೆ ಬಿಲ್ ಸೊನ್ನೆ. ಪಾಲು ದಾಟಿ 200ರ ಒಳಗೆ ಇದ್ದರೆ ದಾಟಿದ ಯೂನಿಟ್‌ಗಳಿಗೆ ಹಣ ಕಟ್ಟಬೇಕು. 200 ದಾಟಿದರೆ? ಆ ತಿಂಗಳು ಪೂರ್ತಿ ಬಿಲ್ ನಿಮ್ಮದೇ.

ಇದರಲ್ಲೊಂದು ಚಿಕ್ಕ ಗುಂಡಿ ಇದೆ, ಬೇಸಿಗೆಯಲ್ಲಿ ಬೀಳುವವರು ಬಹಳ. 2024ರ ಏಪ್ರಿಲ್‌ನಲ್ಲಿ ಹಳೇ ಸ್ಲ್ಯಾಬ್‌ಗಳು ಹೋಗಿ ಮನೆಗಳಿಗೆಲ್ಲ ಯೂನಿಟ್‌ಗೆ 5 ರೂಪಾಯಿ 90 ಪೈಸೆ ಆಯಿತು. ಆಮೇಲೆ ಕೆಲವು ಪೈಸೆ ಬದಲಾಗಿದೆ. ನಾವು ಲೆಕ್ಕಕ್ಕೆ 6 ರೂಪಾಯಿ ಇಟ್ಟುಕೊಳ್ಳೋಣ. 90 ಯೂನಿಟ್ ಪಾಲಿರುವ ಮನೆ 200 ಬಳಸಿದರೆ 110 ಯೂನಿಟ್‌ಗೆ 660 ರೂಪಾಯಿ. 201 ಬಳಸಿದರೆ 201 ಯೂನಿಟ್‌ಗೂ ಸೇರಿ 1,206 ರೂಪಾಯಿ. ನಿಗದಿತ ಶುಲ್ಕ, ತೆರಿಗೆ ಬೇರೆ. ಆ ಒಂದು ಯೂನಿಟ್‌ನ ಬೆಲೆ 546 ರೂಪಾಯಿ! ಎರಡು ಕಿಲೋವ್ಯಾಟ್ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್. ಅದಕ್ಕೇ, ಬಿಲ್ ಬರುವ ವಾರಕ್ಕೆ ಮುಂಚೆ ಒಂದು ಸಲ ಮೀಟರ್ ನೋಡಿ, ಹಿಂದಿನ ಬಿಲ್‌ನ ರೀಡಿಂಗ್ ಕಳೆದು, 200ರ ಹತ್ತಿರ ಬಂದಿದ್ದೀರಾ ಅಂತ ತಿಳಿದುಕೊಳ್ಳಿ.

ಹಳೇ ಸ್ಲ್ಯಾಬ್ ಪದ್ಧತಿಯ ಬಗ್ಗೆ ಒಂದು ಮಾತು. ಆಗ ಮೊದಲ ಯೂನಿಟ್‌ಗಳು ಅಗ್ಗ, ಮೇಲಕ್ಕೆ ಹೋದಂತೆ ದುಬಾರಿ. ಕಡಿಮೆ ಬಳಸುವವರಿಗೆ ಅದೇ ಒಂದು ಬಹುಮಾನ ಇದ್ದ ಹಾಗೆ. ಈಗ ಆ ಮೆಟ್ಟಿಲು ಇಲ್ಲ. ಗೃಹಜ್ಯೋತಿಯಲ್ಲೂ 2022–23ರಲ್ಲಿ ಹಿಡಿದು ಹಿಡಿದು ಬಳಸಿದವರಿಗೆ ಪಾಲು ಕಡಿಮೆ, ಧಾರಾಳವಾಗಿ ಬಳಸಿದವರಿಗೆ ಪಾಲು ಜಾಸ್ತಿ. ಬಡವರ ಮನೆಯ ಖರ್ಚು ಇಳಿಸಿದ ಯೋಜನೆ ಅದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಉಳಿತಾಯಕ್ಕೆ ಪ್ರೋತ್ಸಾಹ ಅಂತ ನೋಡಿದರೆ ಈ ಲೆಕ್ಕ ತಲೆಕೆಳಗಾಗಿದೆ ಅಂತಲೇ ನನ್ನ ಅಭಿಪ್ರಾಯ.

58 ಯೂನಿಟ್‌ನಲ್ಲಿ ಸಂಸಾರ

ದೊಡ್ಡತೋಗೂರಿನಲ್ಲೋ ಕೋನಪ್ಪನ ಅಗ್ರಹಾರದಲ್ಲೋ ಹೊಸದಾಗಿ ಬಾಡಿಗೆಗೆ ಬಂದ ಒಂದು ಮನೆ ಇಟ್ಟುಕೊಳ್ಳಿ. ಸ್ವಂತ ಮೀಟರ್ ಇದೆ, ಪಾಲು 58. ಒಂದು ಹಳೇ ಫ್ಯಾನ್, 75 ವ್ಯಾಟ್, ದಿನಕ್ಕೆ 15 ಗಂಟೆ (ಶೀಟಿನ ಮನೆ, ಶಿಫ್ಟ್ ಬೇರೆ ಬೇರೆ, ಹಗಲೂ ಯಾರೋ ಮಲಗಿರುತ್ತಾರೆ): ತಿಂಗಳಿಗೆ 34 ಯೂನಿಟ್. ಮೂರು ಎಲ್.ಇ.ಡಿ.: 4. ಟಿ.ವಿ. ನಾಲ್ಕು ಗಂಟೆ: 7. ನೀರು ಕಾಯಿಸುವ ಕಾಯಿಲ್, ಒಂದೂವರೆ ಕಿಲೋವ್ಯಾಟ್, ದಿನಕ್ಕೆ 20 ನಿಮಿಷ: 15. ಇಷ್ಟಕ್ಕೇ 60 ಆಯಿತು. ಚಿಕ್ಕ ಫ್ರಿಜ್ ಇದ್ದರೆ ಇನ್ನೂ ಒಂದು 15. ಒಟ್ಟು 75. ಮಿಕ್ಸಿ, ಮೊಬೈಲ್ ಚಾರ್ಜ್ ಬಿಡಿ, ಅದು ಚಿಲ್ಲರೆ.

ಎಲ್ಲರೂ ಲೈಟ್ ಆರಿಸಿ, ಲೈಟ್ ಆರಿಸಿ ಅಂತ ಮಕ್ಕಳಿಗೆ ಬೈಯುತ್ತೇವೆ. ಆದರೆ ಈ ಮನೆಯಲ್ಲಿ ಕರೆಂಟ್ ತಿನ್ನುವುದು ಫ್ಯಾನು ಮತ್ತು ಬಿಸಿನೀರು. ಲೈಟಿನ ಕೆಲಸ ಹಿಂದಿನ ಯೋಜನೆಗಳಲ್ಲೇ ಮುಗಿದಿದೆ.

ಈಗ ಬಿ.ಎಲ್.ಡಿ.ಸಿ. ಅನ್ನುವ ಫ್ಯಾನ್ ಬಂದಿದೆ. 30 ವ್ಯಾಟ್ ಆಸುಪಾಸಿನಲ್ಲಿ ಅಷ್ಟೇ ಗಾಳಿ. ಅದೇ 15 ಗಂಟೆಗೆ ತಿಂಗಳಿಗೆ 14 ಯೂನಿಟ್ ಸಾಕು. 20 ಯೂನಿಟ್ ಉಳಿಯಿತು. 75 ಇದ್ದದ್ದು 55ಕ್ಕೆ ಬಂತು, 58ರ ಒಳಗೆ. ಬಿಲ್ ಸೊನ್ನೆ. ಇಂಥ ಫ್ಯಾನಿಗೆ ಹಳೇ ರೆಗ್ಯುಲೇಟರ್ ಬೇಡ, ರಿಮೋಟ್ ಇರುತ್ತದೆ. ಹಾಕುವವರಿಗೆ ಹೇಳಿ ರೆಗ್ಯುಲೇಟರ್ ತೆಗೆಸಿ. ಡಬ್ಬಿಯ ಮೇಲೆ ಸ್ಟಾರ್ ಗುರುತು ನೋಡಿ ತನ್ನಿ. 2023ರಿಂದ ಫ್ಯಾನಿಗೂ ಸ್ಟಾರ್ ಕಡ್ಡಾಯ.

ಬೆಲೆ? ಎರಡೂವರೆಯಿಂದ ಮೂರು ಸಾವಿರ. ಮತ್ತೆ ಅದೇ ಮುಂಗಡ ಹಣದ ಪ್ರಶ್ನೆ. 2,800 ರೂಪಾಯಿ ಅಂತ ಹಿಡಿಯಿರಿ. ಮೇಲೆ ಹೇಳಿದ ಮನೆ ತಿಂಗಳಿಗೆ ಹೆಚ್ಚುವರಿ 17 ಯೂನಿಟ್‌ಗೆ 102 ರೂಪಾಯಿ ಕಟ್ಟುತ್ತಿತ್ತು, ಅದು ಉಳಿಯಿತು. ಫ್ಯಾನಿನ ಹಣ ಬರಲು ಎರಡು ವರ್ಷದ ಮೇಲೆ ಮೂರು ತಿಂಗಳು. ಓನರ್‌ಗೆ ಸಬ್ ಮೀಟರ್ ಲೆಕ್ಕದಲ್ಲಿ ಯೂನಿಟ್‌ಗೆ 8 ರೂಪಾಯಿ ಕೊಡುವವರಾದರೆ ತಿಂಗಳಿಗೆ 160 ಉಳಿಯುತ್ತದೆ, ಒಂದೂವರೆ ವರ್ಷ ಸಾಕು. ಈಗಾಗಲೇ ಬಿಲ್ ಸೊನ್ನೆ ಇರುವವರಿಗೆ ಹಣದ ಲಾಭ ಏನೂ ಇಲ್ಲ, ಸುಳ್ಳು ಹೇಳಿ ಸಾಲ ಕೊಡಿಸಬಾರದು. ಹಳೇ ಫ್ಯಾನ್ ಕೆಟ್ಟಾಗ ಹೊಸದು ಇಂಥದ್ದು ತನ್ನಿ ಅಂತ ಮಾತ್ರ ಹೇಳಬಹುದು. ಬಾಡಿಗೆಯವರಿಗೆ ಇನ್ನೊಂದು ಅನುಕೂಲ: ಸೋಲಾರ್ ಹೀಟರ್ ಓನರ್ ಮಾಳಿಗೆಯಲ್ಲೇ ಉಳಿಯುತ್ತದೆ, ಫ್ಯಾನ್ ಬಿಚ್ಚಿಕೊಂಡು ಹೋಗಬಹುದು.

ಸಂಘದ ಉಳಿತಾಯದಿಂದ ಚಿಕ್ಕ ಸಾಲ ಕೊಟ್ಟು, ತಿಂಗಳಿಗೆ ಉಳಿಯುವಷ್ಟನ್ನೇ ಕಂತು ಮಾಡಿದರೆ ಬೆಸ್ಕಾಂ ಅವತ್ತು ಬಲ್ಬಿಗೆ ಮಾಡಿದ್ದನ್ನೇ ನಾವು ಫ್ಯಾನಿಗೆ ಮಾಡಿದಂತೆ. ಹತ್ತು ಜನ ಒಟ್ಟಿಗೆ ಕೊಂಡರೆ ಅಂಗಡಿಯಲ್ಲಿ ಬೆಲೆಯೂ ಕೇಳಬಹುದು.

ಒಂದು ಮೀಟರ್, ಎಂಟು ಮನೆ

ರಾಯಚೂರಿನ ಆ ಅಕ್ಕನ ಮಾತಿಗೆ ಬರುತ್ತೇನೆ. ಅವರು ಇರುವುದು ಸಾಲು ಮನೆಯಲ್ಲಿ. ಎಂಟು ಕೋಣೆ, ಬೆಸ್ಕಾಂ ಮೀಟರ್ ಒಂದೇ, ಅದು ಓನರ್ ಹೆಸರಲ್ಲಿ. ಎಂಟು ಸಂಸಾರದ ಬಳಕೆ ಒಂದೇ ಮೀಟರಿನಲ್ಲಿ ಸೇರಿದರೆ 200 ಯಾವಾಗಲೋ ದಾಟುತ್ತದೆ. ಅಲ್ಲಿಗೆ ಗೃಹಜ್ಯೋತಿ ಯಾರಿಗೂ ಇಲ್ಲ. ಒಂದೊಂದು ಸಂಸಾರ ಬಳಸುವುದು ಐವತ್ತು ಅರವತ್ತು ಯೂನಿಟ್ ಇರಬಹುದು. ಆದರೂ ಅವರು ಲೆಕ್ಕದಲ್ಲಿ ‘ದೊಡ್ಡ ಗ್ರಾಹಕರು’. ಕೆಲವರ ಹತ್ತಿರ ತಿಂಗಳಿಗೆ ಇಷ್ಟು ಅಂತ ಒಂದೇ ಮೊತ್ತ ತೆಗೆದುಕೊಳ್ಳುತ್ತಾರೆ. ಫ್ಯಾನ್ ಆರಿಸಿದರೂ ಅಷ್ಟೇ, ಹಾಕಿದರೂ ಅಷ್ಟೇ. ಅಂಥ ಮನೆಯಲ್ಲಿ ಉಳಿಸಿ ಅಂತ ಹೇಳಲು ನನಗೇ ಬಾಯಿ ಬರುವುದಿಲ್ಲ. 1978ರಲ್ಲಿ ಕಿಯೋನಿಕ್ಸ್ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಟ್ಟಲು ಹೊರಟಾಗ ಅದರ ಗೋಡೆಯ ಹೊರಗೆ ಇಷ್ಟು ಸಾಲು ಮನೆಗಳು ಎದ್ದಾವು ಅಂತ ಯಾರೂ ಲೆಕ್ಕ ಹಾಕಿರಲಿಕ್ಕಿಲ್ಲ.

ದಾರಿ ಏನು? ಮೊದಲನೆಯದು, ಸಬ್ ಮೀಟರ್. ಓನರ್‌ಗೆ ಒಬ್ಬೊಬ್ಬರೇ ಕೇಳಿದರೆ ಆಗದ್ದು ಎಂಟು ಮನೆಯವರು ಕೂತು ಮರ್ಯಾದೆಯಿಂದ ಕೇಳಿದರೆ ಆಗಬಹುದು. ಆಗ ಬಳಸಿದಷ್ಟಕ್ಕೆ ಕೊಡುತ್ತೀರಿ, ಉಳಿಸಿದ್ದು ನಿಮಗೇ ಉಳಿಯುತ್ತದೆ. ಬೆಸ್ಕಾಂ ಬಿಲ್‌ನ ಪ್ರತಿಯನ್ನೂ ತೋರಿಸಲು ಕೇಳಿ. ಒಟ್ಟು ಮೊತ್ತವನ್ನು ಒಟ್ಟು ಯೂನಿಟ್‌ನಿಂದ ಭಾಗಿಸಿದರೆ ನ್ಯಾಯವಾದ ದರ ಎಷ್ಟು ಅಂತ ಎಲ್ಲರಿಗೂ ಗೊತ್ತಾಗುತ್ತದೆ.

ಎರಡನೆಯದು, ಮನೆಗೊಂದು ಬೆಸ್ಕಾಂ ಮೀಟರ್. ಅದು ಬಂದರೆ ನಿಮ್ಮ ಆಧಾರ್ ಮತ್ತು ಬಾಡಿಗೆ ಕರಾರು ತೋರಿಸಿ ಗೃಹಜ್ಯೋತಿಗೆ ನೋಂದಾಯಿಸಬಹುದು. ಬಾಡಿಗೆದಾರರಿಗೂ ಅದು ಇದೆ. ಆದರೆ ಅರ್ಜಿ ಹಾಕಬೇಕಾದವರು ಓನರ್. 2024ರ ಡಿಸೆಂಬರ್‌ನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ, ಸ್ವಾಧೀನ ಪ್ರಮಾಣಪತ್ರ ಇಲ್ಲದ ಕಟ್ಟಡಗಳಿಗೆ ಹೊಸ ಸಂಪರ್ಕ ಕೊಡುವುದು 2025ರಲ್ಲಿ ತೊಡಕಾಯಿತು. ಚಿಕ್ಕ ನಿವೇಶನಗಳ ನಿಯಮ ಸದ್ಯ ಏನಿದೆ ಅಂತ ಓನರ್ ಜೊತೆ ಬೆಸ್ಕಾಂ ಉಪವಿಭಾಗ ಕಚೇರಿಗೇ ಹೋಗಿ ಕೇಳುವುದು ಒಳ್ಳೆಯದು. ಫೋನಿಗೆ 1912. ಮನೆ ಬದಲಾಯಿಸುವವರು ಇನ್ನೊಂದು ನೆನಪಿಡಿ: ಹಳೇ ಮನೆಯ ಆರ್.ಆರ್. ನಂಬರಿನಿಂದ ನಿಮ್ಮ ಆಧಾರ್ ಬಿಡಿಸಿಕೊಳ್ಳದೆ ಹೊಸ ಮನೆಗೆ ಯೋಜನೆ ಸಿಗುವುದಿಲ್ಲ, ಅಲ್ಲಿಗೆ ಬಂದವರಿಗೂ ಸಿಗುವುದಿಲ್ಲ.

ಮೀಟರ್ ಓದುವುದು

ಮೀಟರಿನಲ್ಲಿ ಒಂದು ಕೆಂಪು ದೀಪ ಮಿಟುಕುತ್ತದೆ. ಪಕ್ಕದಲ್ಲಿ ಒಂದು ಯೂನಿಟ್‌ಗೆ ಎಷ್ಟು ಮಿಟುಕು ಅಂತ ಬರೆದಿರುತ್ತದೆ, 3,200 ಅಂತಲೋ ಬೇರೆಯೋ. ಮನೆಯ ಸ್ವಿಚ್‌ಗಳನ್ನೆಲ್ಲ ಆರಿಸಿ, ಫ್ರಿಜ್‌ನ ಪ್ಲಗ್ಗೂ ತೆಗೆದು, ಐದು ನಿಮಿಷ ಆ ದೀಪ ನೋಡಿ. ಮಿಟುಕಬಾರದು. ಮಿಟುಕಿದರೆ ಎಲ್ಲೋ ಕರೆಂಟ್ ಸೋರುತ್ತಿದೆ, ಅಥವಾ ನಿಮ್ಮ ಮೀಟರಿಗೆ ಬೇರೆ ಯಾರದೋ ಲೈನ್ ಸೇರಿದೆ. ಸಾಲು ಮನೆಗಳಲ್ಲಿ ಮೆಟ್ಟಿಲ ಲೈಟು, ನೀರಿನ ಮೋಟಾರು ಒಂದು ಮನೆಯ ಸಬ್ ಮೀಟರಿಗೆ ಸೇರಿಕೊಂಡಿರುವುದು ಅಪರೂಪವಲ್ಲ. ಆಮೇಲೆ ಫ್ಯಾನ್ ಒಂದೇ ಹಾಕಿ ಒಂದು ನಿಮಿಷದ ಮಿಟುಕು ಎಣಿಸಿ. 3,200ರ ಮೀಟರಿನಲ್ಲಿ ನಿಮಿಷಕ್ಕೆ ನಾಲ್ಕು ಸಲ ಮಿಟುಕಿದರೆ ಅದು 75 ವ್ಯಾಟ್‌ನ ಹಳೇ ಫ್ಯಾನ್. ವೈರು, ಫ್ಯೂಸು ಮಾತ್ರ ಮುಟ್ಟಬೇಡಿ, ಅದು ಎಲೆಕ್ಟ್ರಿಷಿಯನ್ ಕೆಲಸ.

ಮುಂದಿನ ಸಭೆಗೆ ತರಬೇಕಾದದ್ದು: ಕಳೆದ ಎರಡು ತಿಂಗಳ ಬಿಲ್, ಬಿಲ್ ಇಲ್ಲದವರು ಓನರ್‌ಗೆ ಕೊಟ್ಟ ಹಣದ ಲೆಕ್ಕ, ಮತ್ತು ಮನೆಯ ಫ್ಯಾನ್ ನಿಮಿಷಕ್ಕೆ ಎಷ್ಟು ಸಲ ದೀಪ ಮಿಟುಕಿಸಿತು ಅನ್ನುವ ಸಂಖ್ಯೆ. ಸಾಲು ಮನೆಯವರು ಒಟ್ಟಾಗಿ ಒಂದು ಕಡೆ ಕೂತುಕೊಳ್ಳಿ. ಓನರ್ ಹತ್ತಿರ ಯಾರು ಮಾತಾಡಬೇಕು ಅಂತ ಅವತ್ತೇ ಗೊತ್ತುಮಾಡೋಣ.